ಬಾಲ್ಕನಿ ಗೊಬ್ಬರ ಗಬ್ಬು ನಾರುತ್ತಿದೆ, ಎಸೆದುಬಿಡಲಾ?

ಪ್ರಶ್ನೆ: ಎರಡು ತಿಂಗಳಿಂದ ಬಾಲ್ಕನಿಯಲ್ಲಿ ಡ್ರಮ್ ಇಟ್ಟು ಅಡುಗೆಮನೆ ಕಸವನ್ನು ಗೊಬ್ಬರ ಮಾಡುತ್ತಿದ್ದೇನೆ. ಈಗ ವಾಸನೆ ತಡೆಯಲಾಗುತ್ತಿಲ್ಲ, ಮೇಲಿಂದ ಹುಳ ಬೇರೆ. ಮನೆಯವರು ಎಸೆಯಿರಿ ಅನ್ನುತ್ತಿದ್ದಾರೆ.
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಎಸೆಯಬೇಡಿ. ಡ್ರಮ್ಮಿಗೆ ಏನೇನು ಹಾಕುತ್ತೀರಿ ಅಂತ ಬರೆದಿಲ್ಲ, ಆದರೂ ಊಹಿಸಬಲ್ಲೆ. ತರಕಾರಿ ಸಿಪ್ಪೆ, ಟೀ ಚರಟ, ಮಿಕ್ಕಿದ ಸಾರನ್ನ. ಒಣಗಿದ್ದು ಏನೂ ಇಲ್ಲ, ಅಲ್ವಾ? ಹಸಿ ಕಸದಲ್ಲಿ ನೀರೇ ಜಾಸ್ತಿ, ಅದು ತಳಕ್ಕೆ ಇಳಿದು ಕಸ ಅಂಟಂಟಾಗಿ ಕೂತರೆ ಒಳಗೆ ಗಾಳಿ ಆಡುವುದಿಲ್ಲ, ಆಗ ಗಾಳಿ ಬೇಡದ ಸೂಕ್ಷ್ಮಜೀವಿಗಳು ಮನೆ ಮಾಡಿಕೊಳ್ಳುತ್ತವೆ. ಆ ನಾತ ಅವುಗಳದ್ದೇ. ಇವತ್ತೇ ಎಲ್ಲವನ್ನೂ ಬಗ್ಗಿಸಿ, ಕೈಗವಸು ಹಾಕಿಕೊಂಡು ಸಡಿಲ ಮಾಡಿ, ಧಾರಾಳವಾಗಿ ತರಗೆಲೆ ಬೆರೆಸಿ ಮತ್ತೆ ತುಂಬಿ. ಇನ್ನು ಮುಂದೆ ಒಂದು ಬೊಗಸೆ ಹಸಿ ಕಸಕ್ಕೆ ಎರಡು ಬೊಗಸೆ ಒಣ ಎಲೆ. ಡ್ರಮ್ಮಿಗೆ ತೂತು ಇಲ್ಲದಿದ್ದರೆ ತೂತು ಹೊಡೆಸಿ. ಸಾರು, ಎಣ್ಣೆ ಪದಾರ್ಥ ಹಾಕಲೇಬೇಡಿ.

ತರಗೆಲೆಗೆ ದುಡ್ಡು ಕೊಡಬೇಕಾಗಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ರಸ್ತೆಬದಿಯ ಹೊಂಗೆ ಎಲೆ ಉದುರಿಸುತ್ತದೆ, ಗುಡಿಸಿದ ರಾಶಿಗೆ ಯಾರೋ ಬೆಂಕಿ ಹಾಕುವ ಮೊದಲು ನಾಲ್ಕು ಚೀಲ ತುಂಬಿಟ್ಟುಕೊಳ್ಳಿ. (ನಾನು ಚೀಲ ಹಿಡಿದು ಹೊರಟರೆ ನಮ್ಮ ಬೀದಿಯಲ್ಲಿ ಈಗಲೂ ನಗುತ್ತಾರೆ. ನಗಲಿ.)

ಹುಳ ದಪ್ಪಗೆ, ಮಾಸಲು ಬಣ್ಣಕ್ಕೆ ಇದ್ದರೆ ಅದು ಬಹುಶಃ ಕಪ್ಪು ಸೈನಿಕ ನೊಣದ ಮರಿ. ನಮ್ಮ ಊಟದ ಮೇಲೆ ಕೂರುವ ಜಾತಿಯಲ್ಲ, ಕಸವನ್ನು ಬೇಗ ಬೇಗ ತಿಂದು ಮುಗಿಸುತ್ತದೆ. ನೋಡೋಕೆ ಅಸಹ್ಯ ಅನ್ನಿಸಿದರೆ ಮೇಲೆ ಎಲೆ ಮುಚ್ಚಿ. ಗೊಬ್ಬರ ಆಯಿತಾ ಅಂತ ತಿಳಿಯಲು ಮೂಸಿ ನೋಡಿ, ಮೊದಲ ಮಳೆ ಬಿದ್ದ ಮಣ್ಣಿನ ಘಮ ಬರಬೇಕು.

ಪ್ರಶ್ನೆ: ಪಾತ್ರೆ ತೊಳೆಯಲು ಅಂಟುವಾಳದ ನೀರು ಮಾಡಿಟ್ಟೆ. ನಾಲ್ಕೇ ದಿನಕ್ಕೆ ಹುಳಿ ವಾಸನೆ ಬಂತು.
— ಓದುಗರು, ಶಿರಸಿ

ಉತ್ತರ: ಬಂದೇ ಬರುತ್ತದೆ, ಅದರಲ್ಲಿ ಕೆಡದಂತೆ ತಡೆಯುವ ರಾಸಾಯನಿಕ ಏನೂ ಇಲ್ಲವಲ್ಲ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ ಕಿವುಚಿ ಸೋಸಿ. ಎರಡು ದಿನಕ್ಕೆ ಸಾಕಾಗುವಷ್ಟೇ ಮಾಡಿ, ಉಳಿದರೆ ಫ್ರಿಜ್ಜಿಗೆ. ಸೋಪಿನಷ್ಟು ನೊರೆ ಬರಲಿಲ್ಲ ಅಂತ ಜಾಸ್ತಿ ಸುರಿಯಬೇಡಿ. ಇನ್ನೊಂದು ಮಾತು: ಈ ನೀರನ್ನು ಕೆರೆಗೋ ಮೀನಿನ ತೊಟ್ಟಿಗೋ ಚೆಲ್ಲಬೇಡಿ. ನೊರೆ ಕೊಡುವ ಸಪೋನಿನ್ ಮೀನಿಗೆ ವಿಷ. ಗಿಡದಿಂದ ಬಂದದ್ದೆಲ್ಲ ಸಾಧು ಅಂತೇನಿಲ್ಲ.

ಪ್ರಶ್ನೆ: ಫ್ರಿಜ್ ನೀರು ಬಿಟ್ಟು ಮಡಕೆ ತಂದೆವು. ನೀರು ತಣ್ಣಗೇ ಆಗುತ್ತಿಲ್ಲ!
— ಓದುಗರು, ಮಂಗಳೂರು

ಉತ್ತರ: ತಪ್ಪು ಮಡಕೆಯದ್ದಲ್ಲ, ನಿಮ್ಮೂರ ಸೆಕೆಯದ್ದು. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯೇ ಒದ್ದೆಯಾಗಿದ್ದರೆ ಆವಿ ಎಲ್ಲಿಗೆ ಹೋಗಬೇಕು? ಕಲಬುರಗಿಯ ಒಣ ಬೇಸಿಗೆಯಲ್ಲಿ ಇದೇ ಮಡಕೆ ಹಲ್ಲು ಜುಮ್ಮೆನ್ನಿಸೀತು. ಹೊರಗೆ ಪೇಂಟ್ ಬಳಿದ ಮಡಕೆಯಾದರೆ ರಂಧ್ರವೂ ಮುಚ್ಚಿರುತ್ತದೆ. ಪೇಂಟ್ ಇಲ್ಲದ್ದು ತನ್ನಿ, ಸೋಪು ಹಾಕಿ ತಿಕ್ಕಬೇಡಿ, ಕಿಟಕಿ ಪಕ್ಕ ಗಾಳಿ ಬೀಸುವ ಕಡೆ ಇಡಿ. ಒಂಚೂರು ತಂಪಾದೀತು.