ಆಸ್ಟ್ರೋಸ್ಯಾಟ್ ನೋಡಿದ್ದು ಸುದ್ದಿಯಾಗಲು ಅಷ್ಟು ವರ್ಷ ಯಾಕೆ ಬೇಕು?

2016ರಲ್ಲಿ, ಹಲವು ದೂರದರ್ಶಕ ಹೊತ್ತ ಇಸ್ರೋ ಉಪಗ್ರಹ ಆಸ್ಟ್ರೋಸ್ಯಾಟ್ ಕಣ್ಣಿಗೆ ಬಿದ್ದ ಗ್ಯಾಲಕ್ಸಿ 2020ರಲ್ಲಿ ಸುದ್ದಿಯಾಯಿತು, ನಡುವೆ ಬೆಂಗಳೂರಿನಲ್ಲಿ ಕೂತವರು ಏನು ಮಾಡುತ್ತಿದ್ದರು ಅಂತ ಕೇಳಿದ್ದೀರಿ. ಎರಡು ಕೆಲಸ: ದೂರದರ್ಶಕ ಯಾವಾಗ, ಎಲ್ಲಿ ನೋಡಬಾರದು ಅನ್ನುವ ಲೆಕ್ಕ, ಆಮೇಲೆ ಬಂದ ಬೆಳಕು ನಿಜಕ್ಕೂ ಆ ಗ್ಯಾಲಕ್ಸಿಯದ್ದೇ ಅನ್ನುವ ತಪಾಸಣೆ.

ವೀಕ್ಷಣಾ ಸಮಯ ಬೇಕಾದವರು ಇಸ್ರೋ ಅರ್ಜಿ ಕರೆದಾಗ ಆನ್‌ಲೈನ್‌ನಲ್ಲಿ ಪ್ರಪೋಸಲ್ ಹಾಕುತ್ತಾರೆ. ನೋಡಬೇಕಾದ ಆಕಾಶಕಾಯದ ನಿರ್ದೇಶಾಂಕ, ಮುಖ್ಯ ಉಪಕರಣ ಯಾವುದು, ಎಷ್ಟು ಸೆಕೆಂಡ್ ಎಕ್ಸ್‌ಪೋಷರ್, ಯಾವ ಫಿಲ್ಟರ್, ಎಲ್ಲ ಅದರಲ್ಲೇ ಇರಬೇಕು. ತಾಂತ್ರಿಕ ಸಮಿತಿ ಇದು ಸಾಧ್ಯವೇ ಅಂತ ನೋಡುತ್ತದೆ, ಸಮಯ ಹಂಚುವ ಸಮಿತಿ ಇದು ಯೋಗ್ಯವೇ ಅಂತ ನೋಡುತ್ತದೆ. ಪ್ರಪೋಸಲ್ ಹೆಚ್ಚಾಗಿ ಎಡವುವುದು ಪಕ್ಕದಲ್ಲಿರುವ ನಕ್ಷತ್ರದಿಂದ. ನೇರಳಾತೀತ ದೂರದರ್ಶಕ ಯುವಿಟ್‌ನ ನೋಟ 28 ಆರ್ಕ್‌ಮಿನಿಟ್, ಅಂದರೆ ಹುಣ್ಣಿಮೆ ಚಂದ್ರನಿಗಿಂತ ತುಸು ಕಡಿಮೆ ಅಗಲ. ಅಷ್ಟರೊಳಗೆ ಒಂದು ಬಿಸಿಯಾದ ನೀಲಿ ನಕ್ಷತ್ರ ಇದ್ದರೂ ಡಿಟೆಕ್ಟರಿಗೆ ಅಪಾಯ. ಬರಿಗಣ್ಣಿಗೆ ಕಾಣದಷ್ಟು ಮಂಕಾದದ್ದೂ ನೇರಳಾತೀತದಲ್ಲಿ ಝಗಝಗಿಸಬಹುದು, ಹಾಗಾಗಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದರ ಹೊಳಪು (ಮ್ಯಾಗ್ನಿಟ್ಯೂಡ್) ಎಷ್ಟೆಂದು ನೋಡಿ ಸಮಾಧಾನಪಡುವಂತಿಲ್ಲ. ಗೆಲೆಕ್ಸ್ ಉಪಗ್ರಹದ ಹಳೆಯ ನೇರಳಾತೀತ ಚಿತ್ರಗಳಲ್ಲಿ ಆ ಜಾಗವನ್ನು ಹುಡುಕಿ, ಸೆಕೆಂಡಿಗೆ ಎಷ್ಟು ಫೋಟಾನ್ (ಬೆಳಕಿನ ಕಣ) ಬೀಳಬಹುದು ಅನ್ನುವ ಎಣಿಕೆ ಅಂದಾಜು ಮಾಡುತ್ತಾರೆ. ಮಿತಿ ಮೀರಿದರೆ ಸಫೈರ್, ಸಿಲಿಕಾದಂಥ ಕಿರಿದಾದ ಫಿಲ್ಟರಿಗೆ ಬದಲಾಯಿಸಬೇಕು. ಅದಕ್ಕೂ ಬಗ್ಗದಿದ್ದರೆ ಯುವಿಟ್ ಮುಚ್ಚಿಟ್ಟು ಕ್ಷ-ಕಿರಣದವರಿಗಷ್ಟೇ ಸಮಯ. ಯುವಿಟ್ ಮತ್ತು ಕ್ಷ-ಕಿರಣ ದೂರದರ್ಶಕಗಳೆಲ್ಲ ಒಂದೇ ದಿಕ್ಕಿಗೆ ಕಟ್ಟಿದವು; ಆಕಾಶದ ಮೇಲೆ ಕಣ್ಣಿಡುವ ಕ್ಷ-ಕಿರಣ ಉಪಕರಣ ಎಸ್‌ಎಸ್‌ಎಂ ಒಂದು ಮಾತ್ರ ತನ್ನ ಪಾಡಿಗೆ ತಿರುಗುತ್ತ ಆಕಾಶ ಜಾಲಾಡುತ್ತದೆ.

ಒಪ್ಪಿಗೆಯಾದ ಮೇಲೆ ವೇಳಾಪಟ್ಟಿ. ಸೂರ್ಯ, ಚಂದ್ರ, ಭೂಮಿಯ ಅಂಚು ಎಲ್ಲದರಿಂದಲೂ ದೂರ ಕಾಯ್ದುಕೊಳ್ಳಬೇಕು. ಉಪಗ್ರಹ ಹೋಗುತ್ತಿರುವ ದಿಕ್ಕಿಗೂ ಮುಖ ಮಾಡಬಾರದು, ಯಾಕೆಂದರೆ 650 ಕಿ.ಮೀ. ಎತ್ತರದಲ್ಲೂ ಇರುವ ಚೂರುಪಾರು ಪರಮಾಣು ಆಕ್ಸಿಜನ್ ಕನ್ನಡಿಗೆ ಬಡಿದು ಲೇಪ ಕೆಡಿಸುತ್ತದೆ. ಉಪಗ್ರಹ ಭೂಮಿಯನ್ನು ಒಂದು ಸುತ್ತು ಹಾಕಲು ಸುಮಾರು 98 ನಿಮಿಷ. ಯುವಿಟ್ ಕೆಲಸ ಮಾಡುವುದು ಆ ಸುತ್ತಿನ ರಾತ್ರಿ ಭಾಗದಲ್ಲಿ ಮಾತ್ರ. ಹೈ ವೋಲ್ಟೇಜ್ ಏರಿಸುವ ಸಮಯ, ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣ ವಲಯದ ಅಂಚು ದಾಟುವ ಸಮಯ ಕಳೆದರೆ ಒಳ್ಳೆಯ ಸುತ್ತಿನಲ್ಲಿ 25 ನಿಮಿಷ ಸಿಕ್ಕಿತು ಅನ್ನಿ. ನೀವು ಕೇಳಿದ ಗ್ಯಾಲಕ್ಸಿಗೆ (ಹೆಸರು ಎಯುಡಿಎಫ್‌ಎಸ್01) ಬೇಕಾಗಿದ್ದು 28 ಗಂಟೆಗೂ ಹೆಚ್ಚು. ಭಾಗಿಸಿ ನೋಡಿ, 67 ಸುತ್ತು.

ಸಂಗ್ರಹವಾದ ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳಿನ 11 ಮೀಟರ್ ಆಂಟೆನಾಕ್ಕೆ ಇಳಿಯುತ್ತದೆ. ದಿನದ 14 ಸುತ್ತುಗಳಲ್ಲಿ ಹತ್ತರಷ್ಟು ಇಲ್ಲಿಗೆ ಕಾಣುತ್ತವೆ, ಒಂದೊಂದು ಪಾಸ್ ಕೆಲವೇ ನಿಮಿಷ. ಒಂದು ತಪ್ಪಿದರೆ ಮೆಜೆಸ್ಟಿಕ್ಕಿನಲ್ಲಿ ಬಸ್ ತಪ್ಪಿದ ಹಾಗಲ್ಲ, ಮುಂದಿನದಕ್ಕೆ ಒಂದೂಮುಕ್ಕಾಲು ಗಂಟೆ. ಉಪಗ್ರಹಕ್ಕೆ ಆಜ್ಞೆ ಕಳಿಸುವುದು ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್. ಬಂದದ್ದನ್ನು ಲೆವೆಲ್-1 (ಇನ್ನೂ ತಿದ್ದದ ಕಚ್ಚಾ) ಕಡತಗಳಾಗಿ ಜೋಡಿಸಿಡುವುದು ಬ್ಯಾಲಾಳಿನಲ್ಲೇ ಇರುವ ದತ್ತಾಂಶ ಕೇಂದ್ರ. ಅಲ್ಲಿಂದ ಯುವಿಟ್‌ನದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗೆ (ಐಐಎ) ಹೋಗುತ್ತದೆ, ಬೇರೆ ಉಪಕರಣಗಳದು ಮುಂಬಯಿ, ಪುಣೆಗಳ ಕೇಂದ್ರಗಳಿಗೆ. ಇಲ್ಲಿ ಒಂದು ಕಿರಿಕಿರಿ: ಪಕ್ಕಪಕ್ಕದ ಸುತ್ತುಗಳ ಕಡತಗಳಲ್ಲಿ ಒಂದೇ ದತ್ತಾಂಶ ಎರಡು ಸಲ ಬಂದಿರುತ್ತದೆ. ಸಮಯದ ಮುದ್ರೆ ನೋಡಿ ನಕಲು ತೆಗೆಯದೆ ಕೂಡಿಸಿದರೆ ಕಾಯ ಸುಳ್ಳೇ ಹೆಚ್ಚು ಹೊಳೆಯುತ್ತದೆ.

ಚಿತ್ರ ಕಟ್ಟುವುದು ಇನ್ನೂ ನಾಜೂಕು. ಉಪಗ್ರಹ ನೋಡುತ್ತ ನೋಡುತ್ತ ಮೆಲ್ಲಗೆ ಸರಿಯುತ್ತಿರುತ್ತದೆ. ಯುವಿಟ್ ಸೆಕೆಂಡಿಗೆ ಸುಮಾರು 29 ಫ್ರೇಮ್ ತೆಗೆದು ಒಂದೊಂದು ಫೋಟಾನ್ ಎಲ್ಲಿ ಬಿತ್ತು ಅಂತ ಬರೆದಿಡುತ್ತದೆ. ಜೊತೆಯಲ್ಲೇ ಇರುವ ದೃಗ್ಗೋಚರ ಚಾನೆಲ್ಲಿನ ನಕ್ಷತ್ರಗಳು ಎಷ್ಟು ಸರಿದವು ಅಂತ ಅಳೆದು, ಅಷ್ಟನ್ನು ಪ್ರತಿ ಫೋಟಾನಿನ ಸ್ಥಾನದಿಂದ ಕಳೆಯುತ್ತಾರೆ. ಸರಿ ಹೋದರೆ ನಕ್ಷತ್ರದ ಅಗಲ 1.5 ಆರ್ಕ್‌ಸೆಕೆಂಡಿಗಿಂತ (ಆರ್ಕ್‌ಮಿನಿಟಿನ ಅರವತ್ತನೇ ಒಂದು ಪಾಲು ಆರ್ಕ್‌ಸೆಕೆಂಡ್) ಕಡಿಮೆ. ಅನುಸರಿಸಲು ಒಳ್ಳೆಯ ನಕ್ಷತ್ರ ಸಿಗದಿದ್ದರೆ ಎಲ್ಲವೂ ಒಂದೇ ಕಡೆಗೆ ಎಳೆದಂತೆ ಉದ್ದವಾಗಿ ಕಾಣುತ್ತವೆ. ಪ್ರಕಾಶಮಾನ ನಕ್ಷತ್ರದಲ್ಲಿ ಇನ್ನೊಂದು ತೊಡಕು: ಒಂದೇ ಫ್ರೇಮಿನಲ್ಲಿ, ಒಂದೇ ಜಾಗದಲ್ಲಿ ಎರಡು ಫೋಟಾನ್ ಬಿದ್ದರೆ ಉಪಕರಣ ಒಂದೆಂದೇ ಎಣಿಸುತ್ತದೆ. ಆ ತಿದ್ದುಪಡಿ ಮರೆತ ಎಣಿಕೆಗೆ ಬೆಲೆಯಿಲ್ಲ.

ಆ ಗ್ಯಾಲಕ್ಸಿಯ ವಿಚಾರದಲ್ಲಿ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದ ಕನಕ್ ಸಾಹಾ ತಂಡ ವಿಶ್ಲೇಷಣೆಗೇ ಸುಮಾರು ಎರಡು ವರ್ಷ ತೆಗೆದುಕೊಂಡಿತು. 930 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದ ಬೆರಳೆಣಿಕೆಯ ಫೋಟಾನುಗಳು ಡಿಟೆಕ್ಟರಿನ ಗದ್ದಲವಾಗಿರಬಹುದು, ಅದೇ ದಿಕ್ಕಿನಲ್ಲಿ ಹತ್ತಿರದಲ್ಲಿರುವ ಇನ್ಯಾವುದೋ ಕಾಯದ್ದಾಗಿರಬಹುದು. ಎರಡನ್ನೂ ತಳ್ಳಿಹಾಕಿದ ಮೇಲೆಯೇ 2020ರ ಆಗಸ್ಟಿನಲ್ಲಿ ನೇಚರ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಪ್ರಬಂಧ ಬಂತು. ನನ್ನ ಕೇಳಿದರೆ, ಅದು ತಡವೇ ಅಲ್ಲ.

ಎಲ್ಲವೂ ಇಷ್ಟು ನಿಧಾನ ಅಂದುಕೊಳ್ಳಬೇಡಿ. ಗಾಮಾ ಕಿರಣ ಸ್ಫೋಟ ಆದರೆ ಆಸ್ಟ್ರೋಸ್ಯಾಟ್‌ನ ಇನ್ನೊಂದು ಕ್ಷ-ಕಿರಣ ಉಪಕರಣ ಸಿ.ಝಡ್.ಟಿ.ಐ.ನ ತಂಡ ಸಮಯ, ಎಣಿಕೆ, ಸ್ಫೋಟದ ಅವಧಿ ಬರೆದು ಖಗೋಳಜ್ಞರು ತುರ್ತು ಸುದ್ದಿ ಹಂಚಿಕೊಳ್ಳುವ ಜಿಸಿಎನ್ ಜಾಲಕ್ಕೆ ಚುಟುಕು ವರದಿ ಹಾಕಿಬಿಡುತ್ತದೆ, ಉಳಿದ ದೂರದರ್ಶಕಗಳು ಬೆನ್ನು ಹತ್ತಲಿ ಅಂತ. 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಮೀರಿದ ಕಿರಣಗಳಿಗೆ ಆ ಉಪಕರಣದ ಗೋಡೆ ಅಡ್ಡಬರುವುದಿಲ್ಲ, ಆದ್ದರಿಂದ ಪಕ್ಕದಿಂದ ಬಂದದ್ದೂ ಸಿಗುತ್ತದೆ. ಎಲ್ಲೋ ನಕ್ಷತ್ರ ದಿಢೀರ್ ಸಿಡಿದರೆ ತುರ್ತು ಪ್ರಪೋಸಲ್ ಹಾಕುವ ದಾರಿಯೂ ಇದೆ. ಅದು ಒಪ್ಪಿಗೆಯಾದರೆ ಸಾಲಿನಲ್ಲಿದ್ದವರು ಹಿಂದೆ ಸರಿಯಬೇಕು, ವೇಳಾಪಟ್ಟಿ ಮತ್ತೆ ಮೊದಲಿಂದ.

ಜನರಿಗೆ ಹಂಚುವ ಚಿತ್ರಗಳಲ್ಲಿ ಬಣ್ಣ ಹಾಕಿದ್ದು ಅಂತ ಅಡಿಬರಹದಲ್ಲಿ ಬರೆಯದಿದ್ದರೆ ನನಗೆ ಸಿಟ್ಟು ಬರುತ್ತದೆ. ನೇರಳಾತೀತಕ್ಕೆ ನಮ್ಮ ಕಣ್ಣಿಗೆ ಬಣ್ಣವೇ ಇಲ್ಲ.

ನೀವೇ ಕೈಹಾಕಬೇಕೆಂದರೆ, ಪ್ರಪೋಸಲ್ ಹಾಕಿದವರ ಮೀಸಲು ಅವಧಿ ಮುಗಿದ ದತ್ತಾಂಶ ಬ್ಯಾಲಾಳು ಕೇಂದ್ರದ ಭಂಡಾರದಲ್ಲಿ ಉಚಿತ. ನೋಂದಾಯಿಸಿಕೊಂಡು ಕಾಯದ ಹೆಸರಿನಿಂದ ಹುಡುಕಿ. ಲೆವೆಲ್-1ರಿಂದ ಶುರು ಮಾಡಬೇಡಿ, ಮುಳುಗಿಹೋಗುತ್ತೀರಿ. ತಿದ್ದಿ ಸಿದ್ಧಪಡಿಸಿದ ಲೆವೆಲ್-2 ಚಿತ್ರವನ್ನು ಡಿಎಸ್9 ಅನ್ನುವ ಚಿತ್ರ ನೋಡುವ ತಂತ್ರಾಂಶದಲ್ಲಿ ತೆರೆದು, ನಕ್ಷತ್ರಗಳು ದುಂಡಗಿವೆಯೇ ಅಂತ ಮೊದಲು ನೋಡಿ. ಉದ್ದವಾಗಿದ್ದರೆ ಆ ವೀಕ್ಷಣೆ ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಿ.