ಹಬ್ಬಕ್ಕೆ ದೆಹಲಿಯಿಂದ ರೈಲಿನಲ್ಲಿ ಕೊಡಗಿಗೆ ಬರುವಾಗ ತಡವಾಗುತ್ತೆ ಅಂತ ಎಷ್ಟು ಸಮಯ ಕೈಯಲ್ಲಿ ಇಟ್ಟುಕೊಳ್ಳಬೇಕು?

ನಮ್ಮದು ವಿರಾಜಪೇಟೆ. ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ, ಹಾಗಾಗಿ ನಮ್ಮ ಲೆಕ್ಕ ಬೇರೆ. ಮೈಸೂರಿನಲ್ಲಿ ಇಳಿದರೆ ಮಡಿಕೇರಿಗೆ ಇನ್ನೂ ಸುಮಾರು 120 ಕಿಲೋಮೀಟರ್. ಕೇರಳದ ಕಣ್ಣೂರಿನಲ್ಲಿ ಇಳಿದರೆ ಇರಿಟ್ಟಿ ದಾಟಿ ಮಾಕುಟ್ಟ ಘಾಟಿ ಹತ್ತಬೇಕು.

ರೈಲು ಎಷ್ಟು ತಡ ಅಂತ ನೀವು ಕೇಳಿದ್ದೀರಿ. ನಾನಾದರೆ ಎಷ್ಟು ಹೊತ್ತಿಗೆ ಇಳಿಸುತ್ತೆ ಅಂತ ಮೊದಲು ನೋಡ್ತೀನಿ. ಬೆಳಗಿನ ಜಾವ ಬರುವ ರೈಲು ಐದು ಗಂಟೆ ತಡವಾದರೂ ಹಗಲು ಇರುತ್ತೆ, ಬಸ್ ಸಿಗುತ್ತೆ. ಸಂಜೆಯದ್ದು ಎರಡೇ ಗಂಟೆ ತಡವಾದರೂ ರಾತ್ರಿ ಅಲ್ಲೇ ಠಿಕಾಣಿ. ಮಳೆಯಲ್ಲಿ ಸ್ಟೇಷನ್ ಬಾಗಿಲಲ್ಲಿ ನಿಂತು ಟ್ಯಾಕ್ಸಿಯವರಿಗೆ 'ಮಾಕುಟ್ಟ' ಅಂದು ನೋಡಿ. ಒಬ್ಬ ತಲೆ ಅಲ್ಲಾಡಿಸ್ತಾನೆ, ಇನ್ನೊಬ್ಬ ವಾಪಸ್ ಬರುವ ಬಾಡಿಗೆಯನ್ನೂ ಸೇರಿಸಿ ರೇಟು ಹೇಳ್ತಾನೆ.

ರೈಲು ಸರಿಯಾದ ಸಮಯಕ್ಕೆ ಬಂತು ಅನ್ನುವ ಸರ್ಕಾರಿ ಲೆಕ್ಕವನ್ನು ಜಾಸ್ತಿ ನಂಬಬೇಡಿ. ಅದನ್ನು ಕೊನೆಯ ಸ್ಟೇಷನ್‌ನಲ್ಲಿ ಅಳೆಯುತ್ತಾರೆ. ತಡ ತುಂಬಿಕೊಳ್ಳಲಿ ಅಂತ ಟೈಮ್‌ಟೇಬಲ್‌ನಲ್ಲಿ ಇಡುವ ಹೆಚ್ಚುವರಿ ನಿಮಿಷಗಳೂ ಜಾಸ್ತಿ ಕೊನೆಯಲ್ಲೇ. ದೆಹಲಿಯಿಂದ ಕೊಂಕಣದ ಮೇಲೆ ಕಣ್ಣೂರು ದಾಟಿ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ಕೊನೆಯ ಸ್ಟೇಷನ್ ಎರ್ನಾಕುಲಂಗೆ ಸರಿಯಾಗಿ ಮುಟ್ಟಿದರೂ ಕಣ್ಣೂರಿಗೆ ತಡವಾಗಿ ಬಂದಿರಬಹುದು. ಮಧ್ಯೆ ಇಳಿಯುವ ನಮ್ಮನ್ನು ಯಾರು ಕೇಳ್ತಾರೆ!

ಹಬ್ಬಕ್ಕೆ ಬರ್ತೀನಿ ಅಂದಿದ್ದೀರಿ, ಯಾವ ಹಬ್ಬ ಅನ್ನೋದೂ ಮುಖ್ಯ. ಆಯುಧಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತ ಸೆಪ್ಟೆಂಬರ್ ಮೊದಲ ವಾರ. ಆಗ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ಟೈಮ್‌ಟೇಬಲ್ ನಡೀತಿರುತ್ತೆ. ಗುಡ್ಡ ಕುಸಿಯುವ ಭಯಕ್ಕೆ ವೇಗ ಕಡಿಮೆ ಮಾಡ್ತಾರೆ, ಕಣ್ಣೂರಿಗೆ ಬರುವ ಹೊತ್ತೇ ಬದಲಾಗುತ್ತೆ. ವಾಪಸ್ ಹೋಗುವಾಗ ಇನ್ನೂ ಹುಷಾರು: ಆ ತಿಂಗಳುಗಳಲ್ಲಿ ಮಂಗಳಾ ಎರ್ನಾಕುಲಂ ಅನ್ನು ಮಾಮೂಲಿಗಿಂತ ಗಂಟೆಗಟ್ಟಲೆ ಮುಂಚೆಯೇ ಬಿಡುತ್ತೆ. ಮಳೆಗಾಲ ಮುಗಿದ ಮೇಲೆ ಬರುವ ಸುಗ್ಗಿ ಹಬ್ಬ ಪುತ್ತರಿಗೆ ಬಂದು ಹೋದ ಟೈಮ್ ನೆನಪಿಟ್ಟುಕೊಂಡು ಹೊರಟರೆ ಪ್ಲಾಟ್‌ಫಾರಂ ಖಾಲಿ ಇರುತ್ತೆ.

ದುಡ್ಡಿನ ವಿಷಯ. ಹತ್ತುವ ಸ್ಟೇಷನ್‌ಗೆ ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ ಬರುವಂತಿದ್ದು, ನೀವು ಹೋಗದಿದ್ದರೆ ಪೂರ್ತಿ ಹಣ ವಾಪಸ್ ಸಿಗುತ್ತೆ. ಆನ್‌ಲೈನ್ ಟಿಕೆಟ್ ಆದರೆ ರೈಲು ಅಲ್ಲಿಂದ ಹೊರಡುವ ಮೊದಲೇ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಹಾಕಬೇಕು. ತಡವಾಗಿ ಇಳಿಸಿ ಬಸ್ ತಪ್ಪಿಸಿದ್ದಕ್ಕೆ ಕೌಂಟರ್‌ನಲ್ಲಿ ಏನೂ ಸಿಗಲ್ಲ. 2016ರಲ್ಲಿ ಜಮ್ಮುಗೆ ನಾಲ್ಕು ಗಂಟೆ ತಡವಾಗಿ ಇಳಿದು ವಿಮಾನ ತಪ್ಪಿಸಿಕೊಂಡ ಒಂದು ಕುಟುಂಬ ಕೇಸು ಹಾಕಿ ಗೆದ್ದಿತು. ತಡಕ್ಕೆ ಸರಿಯಾದ ಕಾರಣ ತೋರಿಸಲಾಗದಿದ್ದರೆ ರೈಲ್ವೆ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು, ಆದರೆ ಅಷ್ಟೊತ್ತಿಗೆ 2021 ಬಂದಿತ್ತು.