ಚಕ್ರದ ಸ್ಟ್ಯಾಂಡಿಗೆ ಯಾವ ಪ್ಲೈವುಡ್?

ಪ್ರಶ್ನೆ: ಶೆಡ್ಡಿನಲ್ಲಿ ಡ್ರಿಲ್, ಗ್ರೈಂಡರ್, ಕಟಿಂಗ್ ಮಷೀನುಗಳನ್ನಿಡಲು ಚಕ್ರವಿರುವ ಸ್ಟ್ಯಾಂಡ್ ಮಾಡಬೇಕೆಂದಿದ್ದೇನೆ. ಎಂತಹ ಪ್ಲೈವುಡ್, ಎಂತಹ ಚಕ್ರ ಸೂಕ್ತ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಊರಿನ ಮಳೆಗಾಲದ ಥಂಡಿಗೆ ಸಾಮಾನ್ಯ ಎಂಆರ್ (ತೇವವನ್ನು ತುಸುಮಟ್ಟಿಗೆ ಮಾತ್ರ ತಡೆಯುವ) ಪ್ಲೈವುಡ್ ಬಾಳುವುದಿಲ್ಲವಾದ್ದರಿಂದ 18 ಮಿ.ಮೀ. ದಪ್ಪದ ಬಿಡಬ್ಲ್ಯೂಆರ್ (ಕುದಿಯುವ ನೀರನ್ನೂ ತಾಳುವ) ದರ್ಜೆಯದನ್ನೇ ಕೊಳ್ಳಿ. ನೀರು ಹೆಚ್ಚಾಗಿ ಒಳಸೇರುವುದು ಕತ್ತರಿಸಿದ ಅಂಚುಗಳಿಂದ, ಅವುಗಳಿಗೆ ತಪ್ಪದೆ ವಾರ್ನಿಶ್ ಬಳಿಯಿರಿ. ಚಕ್ರಗಳಲ್ಲಿ ಉಳಿತಾಯ ಖಂಡಿತ ಬೇಡ. ನೆಲ ಏರುಪೇರಾಗಿದ್ದರೆ ನಾಲ್ಕರಲ್ಲಿ ಮೂರು ಚಕ್ರಗಳೇ ಭಾರವನ್ನೆಲ್ಲ ಹೊರಬೇಕಾಗುತ್ತದೆ. ಆದ್ದರಿಂದ ಉಪಕರಣಗಳೂ ಸೇರಿ ಒಟ್ಟು ತೂಕ 90 ಕಿಲೋ ಆಗುವುದಾದರೆ ಪ್ರತಿಯೊಂದು ಚಕ್ರವೂ ಕನಿಷ್ಠ 30 ಕಿಲೋ ತಾಳುವಂತಿರಬೇಕು. ಎರಡಕ್ಕಾದರೂ ಬ್ರೇಕ್ ಇರಲಿ. ಕಟಿಂಗ್ ಮಷೀನನ್ನು ಕೆಳಗಿನ ಹಲಗೆಯ ಮೇಲೆಯೇ ಇಡಿ. ಭಾರ ಮೇಲಿದ್ದರೆ ಹೊಸ್ತಿಲು ದಾಟಿಸುವಾಗ ಸ್ಟ್ಯಾಂಡ್ ಮಗುಚೀತು.